ಅಗೆಯುವ ಮುನ್ನ ಓದೋಣ

ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯು ಉಗುಳಿದ ಬೂದಿ ಬೆಂಕಿಗಳ ಪ್ರವಾಹಕ್ಕೆ ಸಿಕ್ಕಿ, ಸುಮಾರು 20 ಮೀಟರುಗಳ ಆಳದಲ್ಲಿ ಹೂತುಹೋದ ಹರ್ಕ್ಯುಲೇನಿಯಮ್ ಪಟ್ಟಣದ ಅಂಚಿನಲ್ಲಿ, ಜೂಲಿಯಸ್ ಸೀಸರನ ಮಾವನದೆಂದು ಅನೇಕ ವಿದ್ವಾಂಸರು ಊಹಿಸುವ ಒಂದು ಭವ್ಯ ಸೌಧವಿದ್ದಿತು. ಅದರ ಗ್ರಂಥಭಂಡಾರದ ಪಪೈರಸ್ ಸುರುಳಿಗಳು ಆ ಉರಿಯಲ್ಲಿ ಬೂದಿಯಾಗದೆ, ಗಾಳಿಯ ಸೋಂಕಿಲ್ಲದ ಕಾರಣ ಇದ್ದಿಲಾಗಿ, ಹಾಗೆ ಇದ್ದಿಲಾದುದರಿಂದಲೇ ಕೊಳೆಯದೆ ಉಳಿದುಕೊಂಡವು. ಗ್ರೀಕ್ ಮತ್ತು ರೋಮನ್ ಪ್ರಪಂಚದಿಂದ ಇದ್ದೆಡೆಯಲ್ಲಿಯೇ ನಮಗೆ ದೊರೆತಿರುವ ಪುಸ್ತಕಭಂಡಾರವೆಂದರೆ ಇದೊಂದೇ. ಇವುಗಳಲ್ಲಿ ಬಿಚ್ಚಲಾಗದೆ ಉಳಿದ ಸುರುಳಿಗಳನ್ನು ಬಿಚ್ಚದೆಯೇ ಓದುವ ವಿದ್ಯೆಯು ಕಳೆದ ಕೆಲವು ವರ್ಷಗಳಲ್ಲಿ ಸಿದ್ಧಿಸಿದೆ. ಸಿದ್ಧಿಸಿದೊಡನೆಯೇ, ಸೌಧದ ಇನ್ನೂ ಅಗೆಯದ ಭಾಗಗಳನ್ನು ಶೀಘ್ರವಾಗಿ ಅಗೆದು ಮತ್ತಷ್ಟು ಸುರುಳಿಗಳನ್ನು ಹೊರತೆಗೆಯಬೇಕೆಂಬ ಹಳೆಯ ಬೇಡಿಕೆಗೆ ಹೊಸ ಬಲ ಬಂದಿದೆ. ಆ ಉತ್ಸಾಹವನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಕೈಯಲ್ಲಿರುವುದನ್ನು ಓದಿ ಮುಗಿಸುವ ತನಕ ನೆಲದಲ್ಲಿರುವುದನ್ನು ನೆಲದಲ್ಲಿಯೇ ಬಿಡುವುದು ಲೇಸೆಂದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಆಧಾರ ಆ ಸುರುಳಿಗಳ ಚರಿತ್ರೆಯಲ್ಲಿಯೇ ಇದೆ. 1752ರಲ್ಲಿ, ನೇಪಲ್ಸಿನ ದೊರೆಯ ಅಪ್ಪಣೆಯಂತೆ ಗಟ್ಟಿಗೊಂಡ ಬೂದಿಯೊಳಗೆ ಸುರಂಗ ಕೊರೆಯುತ್ತಿದ್ದವರಿಗೆ ಅವು ಮೊದಲು ಸಿಕ್ಕಿದಾಗ, ಸುಟ್ಟ ಸೌದೆಯ ತುಂಡುಗಳೆಂದು ಭಾವಿಸಿ ಎಷ್ಟನ್ನೋ ಎಸೆದರು. ಅವು ಗ್ರಂಥಗಳೆಂದು ತಿಳಿದ ಮೇಲೂ ಅವುಗಳ ಗ್ರಹಚಾರ ತಪ್ಪಲಿಲ್ಲ. ಕತ್ತಿಯಿಂದ ಉದ್ದುದ್ದವಾಗಿ ಸೀಳಿ, ಮೇಲಣ ಪದರಗಳನ್ನು ಕೆರೆದು ನಾಶಗೊಳಿಸುತ್ತ ಒಳಗಿನದನ್ನು ಓದಲೆತ್ನಿಸಿದರು. ರೋಮಿನಿಂದ ಬಂದ ಪಾದ್ರಿ ಆಂಟೋನಿಯೋ ಪಿಯಾಜಿಯೋ ಎಂಬಾತನು ರೇಷ್ಮೆಯ ಎಳೆಗಳಿಂದ ಸುರುಳಿಯನ್ನು ತೂಗುಬಿಟ್ಟು, ದಿನಕ್ಕೆ ಕೂದಲೆಳೆಯಷ್ಟು ಬಿಚ್ಚಿಕೊಳ್ಳುವಂತೆ ಒಂದು ಯಂತ್ರವನ್ನು ರಚಿಸಿದನು. ಆ ಮಹಾನುಭಾವನ ತಾಳ್ಮೆಯಿಂದಲೇ ಫಿಲೊಡೀಮಸ್ ಎಂಬ ಎಪಿಕ್ಯೂರಿಯನ್ ದಾರ್ಶನಿಕನ ಕೃತಿಗಳು ಮೊದಲಬಾರಿಗೆ ಬೆಳಕು ಕಂಡವು. ಮುಂದೆ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯೂ ತನ್ನ ಅನಿಲಗಳನ್ನು ಇವುಗಳ ಮೇಲೆ ಪ್ರಯೋಗಿಸಿ ನೋಡಿದನು. ಇವರಲ್ಲಿ ಒಬ್ಬರೂ ದುರುದ್ದೇಶದವರಲ್ಲ. ತಮ್ಮ ಕಾಲದ ಅತ್ಯುತ್ತಮ ಜ್ಞಾನವನ್ನು ಹಿಡಿದು ಕೆಲಸಮಾಡಿದವರು. ಹಾಗಿದ್ದೂ ಅವರ ಕೈಯಲ್ಲಿ ಪುಡಿಯಾದುದು ಪುಡಿಯಾಯಿತು. ಇಂದು ನಮಗೆ ಪೂರ್ಣವಾಗಿ ಓದಲು ದೊರೆಯಬಹುದಾದ ಸುರುಳಿಗಳು, ಯಾರೋ ಒಬ್ಬರು ಇದು ನಮ್ಮಿಂದಾಗದೆಂದು ಒಪ್ಪಿ ಕಪಾಟಿನಲ್ಲಿ ಇರಿಸಿದವುಗಳು ಮಾತ್ರ.

ಈಗಿನ ಸಾಧನೆಯ ಮೂಲಪುರುಷ ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಬ್ರೆಂಟ್ ಸೀಲ್ಸ್. ಇಸ್ರೇಲಿನ ಎನ್‌ಗೆಡಿಯಲ್ಲಿ ಸುಟ್ಟುಹೋದ ಪ್ರಾರ್ಥನಾಮಂದಿರವೊಂದರಲ್ಲಿ 1970ರಲ್ಲಿ ಸಿಕ್ಕಿದ್ದ ಚರ್ಮದ ಸುರುಳಿಯನ್ನು ಕ್ಷ-ಕಿರಣಗಳ ನೆರವಿನಿಂದ ಗಣಕದಲ್ಲಿಯೇ ಬಿಡಿಸಿ, ಅದು ಬೈಬಲ್ಲಿನ ಯಾಜಕಕಾಂಡದ ಭಾಗವೆಂದು ಅವರು ತೋರಿಸಿಕೊಟ್ಟಿದ್ದರು. ಹರ್ಕ್ಯುಲೇನಿಯಮ್ಮಿನ ಸುರುಳಿಗಳು ಅದಕ್ಕಿಂತ ಕಠಿನ. ಏಕೆಂದರೆ ಅಲ್ಲಿನ ಮಸಿ ಕಾಡಿಗೆಯಿಂದಾದುದು, ಹಾಳೆಯೂ ಇದ್ದಿಲಾದುದು, ಎರಡೂ ಇಂಗಾಲವೇ ಆದುದರಿಂದ ಕ್ಷ-ಕಿರಣಕ್ಕೆ ಅಕ್ಷರವೂ ಬಯಲೂ ಒಂದೇ ಬಗೆಯಾಗಿ ತೋರುತ್ತವೆ. 2023ರಲ್ಲಿ ಸೀಲ್ಸ್ ಮತ್ತು ಕೆಲವರು ಉದ್ಯಮಿಗಳು ಸೇರಿ, ತಾವು ಸೆರೆಹಿಡಿದ ಚಿತ್ರಗಳನ್ನೆಲ್ಲ ಪ್ರಪಂಚದ ಮುಂದೆ ತೆರೆದಿಟ್ಟು, ಓದಬಲ್ಲವರಿಗೆ ಬಹುಮಾನವನ್ನು ಘೋಷಿಸಿದರು. ಆಗ ಕೇಸಿ ಹ್ಯಾಂಡ್ಮರ್ ಎಂಬುವರು ಯಾವ ವಿಶೇಷ ಉಪಕರಣವೂ ಇಲ್ಲದೆ, ಬರಿಯ ಕಣ್ಣಿನಿಂದ ಆ ಚಿತ್ರಗಳನ್ನು ಗಂಟೆಗಟ್ಟಲೆ ದಿಟ್ಟಿಸುತ್ತ ಕುಳಿತು, ಹಾಳೆಯ ಕೆಲವೆಡೆಗಳಲ್ಲಿ ಬೇಸಗೆಯ ಕೆರೆಯಂಗಳದ ಕೆಸರಿನಂತೆ ಸೂಕ್ಷ್ಮವಾಗಿ ಬಿರಿದ ಒಂದು ವಿನ್ಯಾಸವಿರುವುದನ್ನು ಕಂಡರು. ಆ ಬಿರುಕುಗಳ ಸಾಲು ಅಲ್ಲಲ್ಲಿ ಗ್ರೀಕ್ ಅಕ್ಷರದ ಆಕೃತಿಯನ್ನು ತಾಳಿದ್ದಿತು. ಒಣಗಿದ ಮಸಿಯ ಕುರುಹು ಅದು. ಆ ಸುಳಿವನ್ನು ಹಿಡಿದು, ನೆಬ್ರಾಸ್ಕಾದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲ್ಯೂಕ್ ಫ್ಯಾರಿಟರ್ ಗಣಕಯಂತ್ರಕ್ಕೆ ಶಿಕ್ಷಣವಿತ್ತು, ಕೆನ್ನೀಲಿ ಬಣ್ಣವನ್ನು ಸೂಚಿಸುವ ಒಂದು ಪದವನ್ನು ಹೊರತಂದನು. ಬರ್ಲಿನ್ನಿನಲ್ಲಿ ಓದುತ್ತಿದ್ದ ಈಜಿಪ್ಟಿನ ಯೂಸುಫ್ ನಾದರ್ ಸ್ವತಂತ್ರವಾಗಿ ಅದೇ ಪದವನ್ನು ತಲಪಿದನು. ಇವರಿಬ್ಬರೂ ಸ್ವಿಟ್ಜರ್ಲೆಂಡಿನ ಜೂಲಿಯನ್ ಶಿಲ್ಲಿಗರನೂ ಕೂಡಿ 2,000ಕ್ಕೂ ಮಿಕ್ಕ ಅಕ್ಷರಗಳನ್ನು ಓದಿಸಿಕೊಟ್ಟುದಕ್ಕಾಗಿ 2024ರ ಫೆಬ್ರವರಿಯಲ್ಲಿ 7 ಲಕ್ಷ ಡಾಲರುಗಳ ಬಹುಮಾನವನ್ನು ಪಡೆದರು. ಅಷ್ಟೂ ಸೇರಿ ಆ ಒಂದು ಸುರುಳಿಯ ನೂರರಲ್ಲಿ ಐದು ಪಾಲು ಮಾತ್ರ. ಅದರಲ್ಲಿರುವುದು ಸುಖವನ್ನು ಕುರಿತ ಜಿಜ್ಞಾಸೆ. ಆಹಾರ, ಸಂಗೀತಗಳ ಮಾತೂ ಬಂದು, ವಿರಳವಾಗಿ ದೊರೆಯುವ ವಸ್ತು ಧಾರಾಳವಾಗಿ ದೊರೆಯುವುದಕ್ಕಿಂತ ಹೆಚ್ಚು ರುಚಿಸುತ್ತದೆಯೇ ಎಂಬ ವಿಚಾರವು ನಡೆಯುತ್ತದೆ. ಮರುವರ್ಷ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಸುರುಳಿಯೊಂದರ ಶೀರ್ಷಿಕೆಯೂ ಓದಿಗೆ ಒದಗಿತು. ಅದು ದುರ್ಗುಣಗಳನ್ನು ಕುರಿತ ಫಿಲೊಡೀಮಸನ ಗ್ರಂಥ.

ಇಲ್ಲಿ ಒಂದು ತಪ್ಪುತಿಳಿವಳಿಕೆಯನ್ನು ನಿವಾರಿಸಬೇಕು. ಯಂತ್ರವೇ ಗ್ರೀಕ್ ಗ್ರಂಥವನ್ನು ಓದಿತೆಂದು ಜನರು ಆಡಿಕೊಳ್ಳುತ್ತಾರೆ. ಯಂತ್ರಕ್ಕೆ ಗ್ರೀಕ್ ತಿಳಿಯದು. ಹಾಳೆಯ ಈ ಸಣ್ಣ ಚೌಕದಲ್ಲಿ ಮಸಿಯುಂಟೋ ಇಲ್ಲವೋ ಎಂಬಷ್ಟನ್ನೇ ಅದು ಹೇಳಿತು, ಬೇಕೆಂದೇ ಅದಕ್ಕೆ ಅದಕ್ಕಿಂತ ಹೆಚ್ಚನ್ನು ಕಲಿಸಲಿಲ್ಲ, ಕಲಿಸಿದ್ದರೆ ಇಲ್ಲದ ಅಕ್ಷರವನ್ನು ತಾನೇ ಕಲ್ಪಿಸಿಬಿಡುವ ಅಪಾಯವಿದ್ದಿತು. ಮಸುಕಾದ ರೇಖೆಯನ್ನು ಅಕ್ಷರವೆಂದೂ, ಅಕ್ಷರಗಳ ಸಾಲನ್ನು ಅರ್ಥವತ್ತಾದ ವಾಕ್ಯವೆಂದೂ ನಿರ್ಣಯಿಸಿದವರು, ಆಯುಷ್ಯವನ್ನೆಲ್ಲ ಈ ಲಿಪಿಯೊಡನೆ ಕಳೆದ ಪಪೈರಸ್ ವಿದ್ವಾಂಸರು. ಅಂಥವರು ಪ್ರಪಂಚದಲ್ಲಿ ಬಹು ಕಡಿಮೆ. ಸುರಂಗ ಕೊರೆಯಲು ಹಣ ಕೊಡುವ ದಾನಿಗಳು ಸಿಗುತ್ತಾರೆ. ಹತ್ತು ವರ್ಷ ಒಂದೇ ಗ್ರಂಥದ ಮುಂದೆ ಕೂಡುವ ತರುಣ ವಿದ್ವಾಂಸನಿಗೆ ಸಂಬಳ ಕೊಡುವವರು ಸಿಗುವುದಿಲ್ಲ. ಇದು ನನಗೆ ಅತ್ಯಂತ ವ್ಯಥೆಯನ್ನುಂಟುಮಾಡುವ ಸಂಗತಿ.

ಬಹುಕಾಲದ ಹಿಂದೆಯೇ ಬಿಚ್ಚಿ ಓದಿದ್ದ ಸುರುಳಿಗಳೂ ಬರಿದಾಗಿಲ್ಲ. ಪ್ಲೇಟೋ ಸ್ಥಾಪಿಸಿದ ಅಕಾಡೆಮಿಯ ಚರಿತ್ರೆಯನ್ನು ಫಿಲೊಡೀಮಸ್ ಬರೆದಿದ್ದನು. ಅದರ ಸುರುಳಿಯನ್ನು ಹೊಸ ಬಗೆಯ ಬೆಳಕಿನಲ್ಲಿ ಪುನಃ ಪರೀಕ್ಷಿಸಿದ ಪೀಸಾ ವಿಶ್ವವಿದ್ಯಾನಿಲಯದ ಗ್ರಾತ್ಸಿಯಾನೊ ರನೋಕಿಯಾ, ಪ್ಲೇಟೋವಿನ ಸಮಾಧಿಯು ಅಕಾಡೆಮಿಯ ತೋಟದಲ್ಲಿ, ಕಲಾದೇವಿಯರ ಗುಡಿಯ ಬಳಿಯಲ್ಲಿದ್ದಿತೆಂಬ ಮಾತನ್ನು 2024ರಲ್ಲಿ ಅದರಿಂದ ಓದಿ ತೆಗೆದರು. ಮರಣಶಯ್ಯೆಯಲ್ಲಿದ್ದ ಆ ವೃದ್ಧ ದಾರ್ಶನಿಕನು, ತನ್ನೆದುರು ಕೊಳಲೂದುತ್ತಿದ್ದ ಥ್ರೇಸಿನ ದಾಸಿಯ ತಾಳ ತಪ್ಪಿತೆಂದು ಆಕ್ಷೇಪಿಸಿದನೆಂದೂ ಅಲ್ಲಿ ಬರೆದಿದೆ. ಇದಕ್ಕಾಗಿ ಒಂದು ಗುದ್ದಲಿಯನ್ನೂ ಎತ್ತಬೇಕಾಗಲಿಲ್ಲ.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಗೆಯತೊಡಗಿ ಪಡೆದ ಲಕ್ಷಾಂತರ ಪಪೈರಸ್ ಚೂರುಗಳಲ್ಲಿ, ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಖಾರಿಟಿಯೋನ್ ಎಂಬ ಗ್ರೀಕ್ ಯುವತಿಯ ಪ್ರಹಸನವೊಂದಿದ್ದು, 1903ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಕನ್ನಡವಿರಬಹುದೆಂದು ವಿದ್ವಾಂಸ ಹುಲ್ಟ್ಸ್ ಮರುವರ್ಷವೇ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಚರ್ಚೆಯನ್ನು ಮುಂದುವರಿಸಿದರು. ವಾದವಿನ್ನೂ ಇತ್ಯರ್ಥವಾಗಿಲ್ಲ, ಅನೇಕರು ಅದನ್ನು ಒಪ್ಪುವುದೂ ಇಲ್ಲ. ನನಗೆ ಮುಖ್ಯವಾಗಿ ತೋರುವುದು ಬೇರೆ: ಆಗ ಅಗೆದು ತಂದ ಚೂರುಗಳಲ್ಲಿ ಇಂದಿನವರೆಗೆ ಪ್ರಕಟವಾಗಿರುವುದು ಒಂದು ಅತ್ಯಲ್ಪ ಭಾಗ ಮಾತ್ರ. ಯಾವ ನಾಡಿನ ಯಾವ ಚರಿತ್ರೆಯ ಎಳೆಯು ಉಳಿದವುಗಳಲ್ಲಿ ಸುಪ್ತವಾಗಿದೆಯೋ ಅದನ್ನು ಓದುಗರಿಲ್ಲದೆ ಕಾಣಲಾಗದು.

ಅಗೆಯಬೇಕೆನ್ನುವವರ ವಾದವು ಕ್ಷುಲ್ಲಕವಲ್ಲ. ವೆಸೂವಿಯಸ್ ಇನ್ನೂ ಜೀವಂತ ಪರ್ವತ. ಅದು ಮತ್ತೊಮ್ಮೆ ಕೆರಳಿದರೆ ಉಳಿದುದೂ ಹೋದೀತೆಂದು ಅವರು ಭಯಪಡುತ್ತಾರೆ. ಆದರೆ ಸಾವಿರದ ಒಂಬೈನೂರು ವರ್ಷಗಳಿಗೂ ಮೀರಿ ಆ ಸುರುಳಿಗಳನ್ನು ಕಾಪಾಡಿದ ಬೂದಿಯ ಹೊದಿಕೆಯನ್ನು ತೆಗೆದಮೇಲೆ, ಮಳೆ, ಬಿಸಿಲು, ಹಕ್ಕಿಗಳ ಹಿಕ್ಕೆ, ಪ್ರವಾಸಿಗಳ ಕಾಲ್ತುಳಿತ ಇವುಗಳಿಂದ ಅಲ್ಲಿನ ಗೋಡೆ ಚಾವಣಿಗಳನ್ನು ಕಾಪಾಡುವ ಹೊಣೆ ಮನುಷ್ಯರದಾಗುತ್ತದೆ. ಆ ಹೊಣೆಯನ್ನು ಮನುಷ್ಯರು ನಿರ್ವಹಿಸಿದ ರೀತಿ ಹೆಮ್ಮೆಪಡುವಂಥದಲ್ಲ. 2010ರ ನವೆಂಬರಿನಲ್ಲಿ ಪಾಂಪೇಯಿಯ ಯೋಧರ ಭವನವೊಂದು ಜನ ನೋಡುವ ಊರಿನ ನಡುವೆಯೇ ಕುಸಿದುಬಿದ್ದಿತು. ಹರ್ಕ್ಯುಲೇನಿಯಮ್ಮಿನ ಅಗೆದ ಭಾಗವೂ ಶಿಥಿಲಗೊಂಡು, 2001ರಿಂದೀಚೆಗೆ ಪ್ಯಾಕರ್ಡ್ ಸಂಸ್ಥೆಯ ಧನಸಹಾಯದಿಂದ ನಡೆದ ದೀರ್ಘ ಸಂರಕ್ಷಣಾ ಕಾರ್ಯದ ಬಲದಿಂದಲೇ ಚೇತರಿಸಿಕೊಂಡಿತು.

ಸೌಧದ ಕೆಳಗಣ ಅಂತಸ್ತುಗಳಲ್ಲಿ ಲ್ಯಾಟಿನ್ ಗ್ರಂಥಗಳ ಬೇರೊಂದು ಭಂಡಾರವಿರಬಹುದೆಂಬ ಆಶೆಯನ್ನು ನಾನು ಅಲ್ಲಗಳೆಯುವುದಿಲ್ಲ. ನಷ್ಟವಾದ ಒಂದು ಇತಿಹಾಸಗ್ರಂಥ ಅಲ್ಲಿ ದೊರೆತರೆ ಅದಕ್ಕಿಂತ ಸಂತೋಷದ ಸುದ್ದಿ ಮತ್ತೊಂದಿರಲಾರದು. ಹಾಗಿದ್ದರೂ ನೇಪಲ್ಸಿನ ರಾಷ್ಟ್ರೀಯ ಗ್ರಂಥಾಲಯದ ಕಪಾಟುಗಳಲ್ಲಿ ಬಿಚ್ಚದೆ ಕುಳಿತಿರುವ ನೂರಾರು ಸುರುಳಿಗಳು ಮೊದಲು ಕ್ಷ-ಕಿರಣದ ಕೆಳಗೆ ಬರಲಿ; ಅವುಗಳ ಚಿತ್ರಗಳು ಈಗಿನಂತೆಯೇ ಸರ್ವರ ಸೊತ್ತಾಗಿ ಪ್ರಕಟವಾಗಲಿ; ಓದಬಲ್ಲ ತರುಣ ತರುಣಿಯರಿಗೆ ವಿಶ್ವವಿದ್ಯಾನಿಲಯಗಳು ಸ್ಥಿರವಾದ ಉದ್ಯೋಗಗಳನ್ನು ಕೊಡಲಿ. ಆಮೇಲೆ ಸೌಧವನ್ನು ಅಗೆಯುವ ಯೋಜನೆಯು ಮುಂದೆ ಬಂದಾಗ, ತೆರೆದ ಪ್ರತಿಯೊಂದು ಕೋಣೆಯನ್ನೂ ಮುಂದಿನ ನೂರು ವರ್ಷ ಸಂರಕ್ಷಿಸುವ ವೆಚ್ಚವನ್ನು ಅದರ ಮೊದಲ ಪುಟದಲ್ಲಿಯೇ ಬರೆದಿರಬೇಕು.