ತಿಂಗಳಿಗೊಂದು ರಜೆ ಸರಿ, ತಪಾಸಣೆ ಯಾವಾಗ?

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸರ್ಕಾರಿ ಮತ್ತು ಖಾಸಗಿ ವಲಯದ ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಧಾರವಾಡದ ಪಿ.ಜಿ. ಕೋಣೆಯಲ್ಲಿ ಕುಳಿತು ಪ್ರಚಲಿತ ವಿದ್ಯಮಾನಗಳ ನೋಟ್ಸ್‌ಗೆ ಅದನ್ನು ಬರೆದುಕೊಳ್ಳುವಾಗ ನನಗೆ ನಗು ಬಂತು. ನಾನು ಮುಟ್ಟಾಗಿ ಆಗಲೇ ನಾಲ್ಕು ತಿಂಗಳಾಗಿತ್ತು!

ದಿನಕ್ಕೆ ಹತ್ತು ತಾಸು ಕುಳಿತು ಓದು, ರಾತ್ರಿ ನಿದ್ದೆಗೆಟ್ಟು ಚಹಾ. ತೂಕ ಏರಿತು, ಗದ್ದದ ಮೇಲೆ ಕೂದಲು ಬಂತು. ಪರೀಕ್ಷೆಯ ಟೆನ್ಷನ್ ಅಂದುಕೊಂಡೆ. ಮೊದಲು ತೋರಿಸಿದ ವೈದ್ಯರು ‘ಮದುವೆಯಾದರೆ ಸರಿಹೋಗುತ್ತೆ’ ಎಂದು ಕಳುಹಿಸಿದರು. ಎರಡನೆಯವರು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ ‘ಪಿಸಿಒಎಸ್’ ಎಂದರು.

ಹೆಸರಿನಲ್ಲಿ ‘ಸಿಸ್ಟ್’ ಇದ್ದರೂ ಅವು ಗಡ್ಡೆಗಳಲ್ಲ. ಅಂಡ ಪೂರ್ತಿ ಬಲಿಯದೆ ಉಳಿದ ಪುಟ್ಟ ಚೀಲಗಳು. ಹಲವರಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಅದರ ಮಟ್ಟ ಏರುತ್ತದೆ. ಆಗ ಅಂಡಾಶಯ ಆಂಡ್ರೊಜೆನ್ ಹಾರ್ಮೋನನ್ನು ಹೆಚ್ಚು ಉತ್ಪಾದಿಸುತ್ತದೆ, ಮುಟ್ಟು ತಪ್ಪುತ್ತದೆ. ತೆಳ್ಳಗಿರುವವರಿಗೂ ಇದು ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸಂತಾನೋತ್ಪತ್ತಿ ವಯಸ್ಸಿನ ಶೇ 10ರಿಂದ 13ರಷ್ಟು ಮಹಿಳೆಯರಿಗೆ ಈ ಸಮಸ್ಯೆಯಿದೆ. ಅವರಲ್ಲಿ ಶೇ 70ರವರೆಗಿನ ಮಂದಿಗೆ ಅದು ಪತ್ತೆಯೇ ಆಗಿರುವುದಿಲ್ಲ. ನಿರ್ಲಕ್ಷಿಸಿದರೆ ಟೈಪ್ 2 ಮಧುಮೇಹ, ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಅಪಾಯ ಹೆಚ್ಚು.

ಈಗ ಸರ್ಕಾರದ ಯೋಜನೆಗಳನ್ನು ನೋಡಿ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ. ಮಧುಮೇಹ, ರಕ್ತದೊತ್ತಡದ ರಾಷ್ಟ್ರೀಯ ತಪಾಸಣೆ ಶುರುವಾಗುವುದು 30ಕ್ಕೆ. ನಡುವಿನ ಹತ್ತು ವರ್ಷ, ಅಂದರೆ ನಾವು ಪದವಿ ಓದುವ, ಕೆಲಸ ಹುಡುಕುವ ವಯಸ್ಸು, ಯಾರ ಲೆಕ್ಕಕ್ಕೂ ಇಲ್ಲ. ರಜೆಯೂ ಕೆಲಸ ಸಿಕ್ಕವರಿಗೆ ಮಾತ್ರ. ರಜೆ ಬೇಡವೆನ್ನುತ್ತಿಲ್ಲ, ಅದು ಒಳ್ಳೆಯ ಹೆಜ್ಜೆಯೇ. ಆದರೆ ಕಾಲೇಜು, ಹಾಸ್ಟೆಲ್‌ಗಳಲ್ಲಿ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ, ‘ಮುಟ್ಟು ಸರಿಯಾಗಿ ಆಗುತ್ತಿದೆಯಾ?’ ಎಂದು ಕೇಳಲು ದೊಡ್ಡ ಖರ್ಚೇನೂ ಬೇಕಿಲ್ಲ.

ಪಿಸಿಒಎಸ್ ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ. ತೂಕ ಹೆಚ್ಚಿರುವವರು ಶೇ 5ರಿಂದ 10ರಷ್ಟು ಇಳಿಸಿಕೊಂಡರೂ ಅನೇಕರಿಗೆ ಮುಟ್ಟು ಹಾದಿಗೆ ಬರುತ್ತದೆ. ನಾನು ವಾರಕ್ಕೆ ಐದು ದಿನ ಕೆಲಗೇರಿ ಕೆರೆ ದಂಡೆಯಲ್ಲಿ ಅರ್ಧ ತಾಸು ಚುರುಕಾಗಿ ನಡೆಯುತ್ತೇನೆ. ಖಾನಾವಳಿಯಲ್ಲಿ ಅನ್ನ ಕಡಿಮೆ ಮಾಡಿ ಕಾಳುಪಲ್ಯ ಹೆಚ್ಚಿಸಿದ್ದೇನೆ. ವೈದ್ಯರು ಬರೆದ ಮಾತ್ರೆ ತಪ್ಪಿಸುವುದಿಲ್ಲ. ಗೆಳತಿಯ ಮಾತ್ರೆಯನ್ನು ನುಂಗುವುದೂ ಇಲ್ಲ.

ಗೆಳತಿಯರೇ, ಮೂರು ತಿಂಗಳು ಮುಟ್ಟಾಗದಿದ್ದರೆ ‘ಪರೀಕ್ಷೆ ಮುಗಿಯಲಿ’ ಎಂದು ಕಾಯಬೇಡಿ. ನೇಮಕಾತಿ ಅಧಿಸೂಚನೆ ಮತ್ತೆ ಬರುತ್ತದೆ, ಆರೋಗ್ಯ ಕೆಟ್ಟರೆ ಬರೆಯುವವರು ಯಾರು?