ಕಾಶಿಯ ಕ್ಯಾಮೆರಾಗಳ ಹಿಂದಿನ ಪ್ರಶ್ನೆ: ನೆಟ್‌ವರ್ಕ್‌ನ ‘ಮೆದುಳು’ ನಿಂತರೆ ಮುಂದೇನು?

ವಾರಾಣಸಿ: 2025ರ ಮಹಾಕುಂಭದಲ್ಲಿ ಮಿಂದ ಭಕ್ತರು ಪ್ರಯಾಗ್‌ರಾಜ್‌ನಿಂದ ಕಾಶಿಗೆ ಹರಿದುಬಂದಾಗ ಗೋದೌಲಿಯಾ, ದಶಾಶ್ವಮೇಧ ಘಾಟ್ ಸುತ್ತಮುತ್ತ ಕಾಲಿಡಲು ಜಾಗವಿರಲಿಲ್ಲ. ಇಂಥ ಜನಸಂದಣಿಯ ಮೇಲೆ ಕಣ್ಣಿಡಲು ಸಿಗ್ರಾದಲ್ಲಿ ಕಾಶಿ ಇಂಟಿಗ್ರೇಟೆಡ್ ಕಮಾಂಡ್ ಆ್ಯಂಡ್ ಕಂಟ್ರೋಲ್ ಸೆಂಟರ್ ಇದೆ. ನಗರದ ಕ್ಯಾಮೆರಾ, ಟ್ರಾಫಿಕ್ ಸಿಗ್ನಲ್‌ಗಳ ಮಾಹಿತಿ ಬಂದು ಸೇರುವುದು ಇಲ್ಲಿಗೇ. 2020ರಲ್ಲಿ ಕೋವಿಡ್ ವಾರ್ ರೂಮ್ ಆಗಿದ್ದೂ ಇದೇ.

ಇಡೀ ಊರನ್ನು ಒಂದೇ ಕೋಣೆಯಿಂದ ನಿಭಾಯಿಸುವ ಈ ಯೋಚನೆಯನ್ನು ಕೇಬಲ್, ಸ್ವಿಚ್‌ಗಳ ಮಟ್ಟಕ್ಕೆ ಇಳಿಸಿದರೆ ಅದೇ ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್ ಅಥವಾ ಎಸ್‌ಡಿಎನ್. ದೊಡ್ಡ ಡೇಟಾ ಸೆಂಟರ್‌ಗಳು ಈಗಾಗಲೇ ಇದರ ಮೇಲೆ ನಡೆಯುತ್ತಿವೆ. ಅನುಕೂಲ ದೊಡ್ಡದು, ಅಪಾಯವೂ ಸಣ್ಣದಲ್ಲ.

ಏನಿದು ಎಸ್‌ಡಿಎನ್?

ಸಾಂಪ್ರದಾಯಿಕ ನೆಟ್‌ವರ್ಕ್‌ನಲ್ಲಿ ಡೇಟಾ ಯಾವ ದಾರಿ ಹಿಡಿಯಬೇಕೆಂದು ಪ್ರತಿ ರೌಟರ್ ತಾನೇ ತೀರ್ಮಾನಿಸುತ್ತದೆ. ಎಸ್‌ಡಿಎನ್‌ನಲ್ಲಿ ಆ ತೀರ್ಮಾನ ‘ಕಂಟ್ರೋಲರ್’ ಎಂಬ ಸಾಫ್ಟ್‌ವೇರ್‌ನದ್ದು. ಸ್ವಿಚ್‌ಗಳು ಅದರ ನಿಯಮ ಪಾಲಿಸುತ್ತವೆ, ಅಷ್ಟೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕ್ ಮೆಕ್‌ಕ್ಯೂನ್ ಮತ್ತು ಸಂಗಡಿಗರು ಮಂಡಿಸಿದ ಓಪನ್‌ಫ್ಲೋ ಇದಕ್ಕೆ ದಾರಿ ಮಾಡಿತು. ಒಂದು ಘಾಟ್‌ನ ವಿಡಿಯೊಗೆ ಆದ್ಯತೆ ಕೊಡಬೇಕೆಂದರೆ ಒಂದೇ ಆದೇಶ ಸಾಕು. ಆದರೆ ಆ ಕಂಟ್ರೋಲರ್ ಹ್ಯಾಕರ್ ಕೈಗೆ ಸಿಕ್ಕರೆ ಇಡೀ ಜಾಲವೇ ಸಿಕ್ಕಂತೆ.

ಒಳನುಗ್ಗದೆಯೂ ಕೆಡಿಸಬಹುದು. ಗೊತ್ತಿಲ್ಲದ ವಿಳಾಸದ ಡೇಟಾ ಬಂದಾಗ ಸ್ವಿಚ್ ಸಾಮಾನ್ಯವಾಗಿ ಕಂಟ್ರೋಲರ್‌ಗೆ ‘ಏನು ಮಾಡಲಿ?’ ಎಂದು ಕೇಳುತ್ತದೆ. ಸುಳ್ಳು ವಿಳಾಸಗಳನ್ನು ಸುರಿಯುತ್ತಾ ಹೋದರೆ ಉತ್ತರ ಕೊಡುವುದರಲ್ಲೇ ಕಂಟ್ರೋಲರ್ ಸುಸ್ತಾಗುತ್ತದೆ.

ಗೂಗಲ್‌ಗೂ ತಪ್ಪಲಿಲ್ಲ

2019ರ ಜೂನ್ 2ರಂದು ಗೂಗಲ್‌ನ ನಿರ್ವಹಣಾ ಸಾಫ್ಟ್‌ವೇರ್ ಒಂದು, ನೆಟ್‌ವರ್ಕ್ ನಿಯಂತ್ರಿಸುವ ಪ್ರೋಗ್ರಾಂಗಳನ್ನು ಏಕಕಾಲಕ್ಕೆ ಹಲವು ಕಡೆ ನಿಲ್ಲಿಸಿಬಿಟ್ಟಿತು. ಹಳೆಯ ನಿಯಮಗಳ ಬಲದಲ್ಲೇ ಜಾಲ ಕೆಲವು ನಿಮಿಷ ಓಡಿತು. ಆಮೇಲೆ ಕುಸಿಯಿತು. ಯೂಟ್ಯೂಬ್, ಜಿಮೇಲ್ ಸೇರಿ ಹಲವು ಸೇವೆಗಳು ನಾಲ್ಕು ತಾಸಿಗೂ ಹೆಚ್ಚು ಕಾಲ ತೊಂದರೆಗೀಡಾದವು. ದುರಸ್ತಿ ಮಾಡುವ ಎಂಜಿನಿಯರ್‌ಗಳ ಸಾಧನಗಳೂ ಅದೇ ದಟ್ಟಣೆಯ ಜಾಲದಲ್ಲಿ ಸಿಕ್ಕಿಕೊಂಡಿದ್ದವು! ಹ್ಯಾಕರ್ ಇರಲಿಲ್ಲ, ಕೇಬಲ್ ತುಂಡಾಗಿರಲಿಲ್ಲ.

ಒಂದರ ಬದಲು ಮೂರು ಸಾಕೇ?

ಮೂರು ಕಂಟ್ರೋಲರ್‌ಗಳಿದ್ದು ಬಹುಮತದಿಂದ ನಿರ್ಧರಿಸಿದರೆ, ಒಂದು ಕೆಟ್ಟರೂ ಕೆಲಸ ನಡೆಯುತ್ತದೆ. ಆದರೆ ಕೆಟ್ಟದ್ದು ಸುಮ್ಮನಾಗದೆ, ಹ್ಯಾಕರ್ ಹೇಳಿಕೊಟ್ಟ ಸುಳ್ಳು ನುಡಿಯತೊಡಗಿದರೆ? ಆಗ ಕನಿಷ್ಠ ನಾಲ್ಕು ಬೇಕು ಎನ್ನುತ್ತದೆ ಗಣಿತ. ಎಲ್ಲದರಲ್ಲೂ ಒಂದೇ ಸಾಫ್ಟ್‌ವೇರ್, ಒಂದೇ ದೋಷವಿದ್ದರೆ ನಾಲ್ಕೂ ಒಟ್ಟಿಗೆ ಮಲಗುತ್ತವೆ. ಟೆಂಡರ್‌ನಲ್ಲಿ ‘ಬ್ಯಾಕಪ್ ಇದೆ’ ಎಂಬ ಒಂದು ಸಾಲು ಓದಿ ನೆಮ್ಮದಿಪಡುವಂತಿಲ್ಲ.

2022ರ ನವೆಂಬರ್‌ನಲ್ಲಿ ಸೈಬರ್ ದಾಳಿಗೆ ಸಿಲುಕಿದ ದೆಹಲಿಯ ಏಮ್ಸ್, ದಿನಗಟ್ಟಲೆ ಕಾಗದ-ಪೆನ್ನಿನಲ್ಲೇ ರೋಗಿಗಳ ದಾಖಲೆ ಬರೆಯಬೇಕಾಯಿತು. ದಾಳಿ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕೆಂಬ ಸಿಇಆರ್‌ಟಿ-ಇನ್ ನಿಯಮ ಆಗಲೇ ಜಾರಿಯಲ್ಲಿತ್ತು. ವರದಿಯ ನಿಯಮದಿಂದ ನಿಂತ ಸೇವೆ ಮತ್ತೆ ಶುರುವಾಗುವುದಿಲ್ಲ.

ನಗರಗಳು ಗುತ್ತಿಗೆದಾರರಿಂದ ಕೇಳಬೇಕಾದದ್ದು ಬೇರೆಯೇ ಇದೆ. ಕಂಟ್ರೋಲರ್ ಇಲ್ಲದೆ ಸ್ವಿಚ್‌ಗಳು ಎಷ್ಟು ಹೊತ್ತು ಓಡುತ್ತವೆ? ಎಂಜಿನಿಯರ್‌ಗಳಿಗೆ ಪ್ರತ್ಯೇಕ ಲೈನ್ ಇದೆಯೇ? ದೇವ ದೀಪಾವಳಿಯಂಥ ನೂಕುನುಗ್ಗಲಿನ ರಾತ್ರಿ ಬರುವ ಮೊದಲೇ, ಜನ ಕಡಿಮೆಯಿರುವ ದಿನ ಒಂದು ಕಂಟ್ರೋಲರ್ ಆಫ್ ಮಾಡಿ ನೋಡಲಾಗಿದೆಯೇ?