ಬೇಲಿಯ ಮರಕ್ಕೂ ಒಂದು ಬಳ್ಳಿ

ಬೆಂಗಳೂರಿನ ತ್ಯಾಗರಾಜನಗರದಲ್ಲಿ ನೆಂಟರ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಅಲ್ಲಿಯ ಕಾಂಪೌಂಡುಗಳ ಮೇಲೆ ಬೀಳುತ್ತದೆ. ಅಂಗೈಯಗಲದ ಜಾಗ, ಆದರೂ ಗೇಟಿನ ಮೇಲೆ ಮಲ್ಲಿಗೆ, ಗೋಡೆಗೆ ಕಾಗದದ ಹೂ, ಮನೆ ಮುಂದಿನ ಮರಕ್ಕೆ ಮನಿಪ್ಲಾಂಟ್. ಒಂದು ಗೇಣು ಮಣ್ಣನ್ನೂ ಅವರು ಬರಿದೆ ಬಿಟ್ಟಿಲ್ಲ. ಎರಡು ಮೂರು ಎಕರೆ ತೋಟವಿರುವ ನಾವು ಮಾತ್ರ ಬೇಲಿಸಾಲಿನ ಮರಗಳನ್ನು ಬೋಳಾಗಿ ನಿಲ್ಲಿಸಿ, ಬುಡದಲ್ಲಿ ಲಂಟಾನ ಬೆಳೆಯಲು ಬಿಟ್ಟಿದ್ದೇವೆ.

ತೋಟದೊಳಗಿನ ಹಾಲುವಾಣ, ಸಿಲ್ವರ್ ಓಕ್, ಅಡಿಕೆ ಮರಗಳಿಗೆ ಕಾಳುಮೆಣಸು ಹಬ್ಬಿಸುವುದು ನಮಗೆ ಹೊಸದಲ್ಲ. ಗಡಿಯ ಮರಗಳಿಗೂ ಅದನ್ನೇ ಹಬ್ಬಿಸಬೇಕೆಂಬುದು ನನ್ನ ವಾದ. ಬಳ್ಳಿ ಮರದ ಸಾರ ಹೀರುತ್ತದೆಂದು ಕೆಲವರು ಆಕ್ಷೇಪಿಸುವುದುಂಟು. ಸಾರ ಹೀರುವುದು ಬಂದಣಿಕೆ. ಮೆಣಸಿನ ಗಿಣ್ಣಿನ ಬೇರು ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಅದರ ಊಟ ನೆಲದಿಂದಲೇ. ಆದ್ದರಿಂದ ಬಳ್ಳಿಗೆ ಪ್ರತ್ಯೇಕವಾಗಿ ಗೊಬ್ಬರ ಕೊಡಬೇಕು.

ಗಡಿಯಲ್ಲಿ ಬೆಳಕು ಹೆಚ್ಚು. 1971ರಲ್ಲಿ ಕೇರಳದ ಪನ್ನಿಯೂರಿನ ಸಂಶೋಧನಾ ಕೇಂದ್ರದಿಂದ ಬಂದ ಪನ್ನಿಯೂರು-1 ತಳಿಗೆ ದಟ್ಟ ನೆರಳು ಆಗದು. ಅದಕ್ಕೆ ಬೇಲಿಸಾಲು ಒಗ್ಗುತ್ತದೆ. ತೊಗಟೆ ಉದುರಿಸುವ ನೀಲಗಿರಿಯನ್ನು ಬಿಟ್ಟು ಒರಟು ತೊಗಟೆಯ ಮರ ಆರಿಸಿರಿ. ಮಳೆ ಹಿಡಿದ ಮೇಲೆ, ಬೇರು ಬಿಟ್ಟ ಬಳ್ಳಿಯನ್ನು ಬುಡದಿಂದ ಒಂದು ಅಡಿ ದೂರದಲ್ಲಿ ಉತ್ತರ ದಿಕ್ಕಿಗೆ ನೆಟ್ಟರೆ ಎಳೆ ಬಳ್ಳಿಗೆ ಸುಡುಬಿಸಿಲು ತಪ್ಪುತ್ತದೆ. ನೀರು ನಿಲ್ಲುವ ಕಡೆ ಖಂಡಿತ ಬೇಡ. ಸೊರಗು ರೋಗ ಬಂದರೆ ಬಳ್ಳಿಯೇ ಹೋಗುತ್ತದೆ. ಮುಂಗಾರಿಗೆ ಮೊದಲೇ ನೆಲಕ್ಕೆ ತಾಗುವ ಹಬ್ಬುಗಳನ್ನು ಕತ್ತರಿಸಿ, ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಹಸಿರು ಕಾಣಲೆಂದು ಪೇಟೆಯ ಮನಿಪ್ಲಾಂಟ್ ತಂದು ಬಿಡಬೇಡಿರಿ. ಅದು ಹರಡಿದರೆ ಮರವನ್ನೇ ಮುಚ್ಚುತ್ತದೆ, ಫಸಲನ್ನಂತೂ ಕೊಡದು.

ಗಡಿಯ ಮರ ಜಗಳದ ಮರವೂ ಹೌದು. ಗೆರೆಯ ಮೇಲಿರುವ ಮರಕ್ಕೆ ಬಳ್ಳಿ ಬಿಡುವ ಮೊದಲು ಪಕ್ಕದ ತೋಟದವರೊಡನೆ ಫಸಲಿನ ಪಾಲನ್ನು ಮಾತಾಡಿಕೊಳ್ಳುವುದು ಲೇಸು. ಕೊಯ್ಲಿನ ದಿನ ಆ ಮಾತು ಎತ್ತಿದರೆ ಸ್ನೇಹ ಉಳಿಯುವುದಿಲ್ಲ.

ಕಾಫಿ, ಅಡಿಕೆಯ ಧಾರಣೆ ಬಿದ್ದ ವರ್ಷ ಬೇಲಿಯ ಮರ ಮಾರಿ ಸಾಲ ತೀರಿಸುವ ಯೋಚನೆ ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಮರ ಮಾರಿದ ಹಣ ಬರುವುದು ಒಂದೇ ಸಲ. ಮೆಣಸಾದರೆ ಮೂರು ನಾಲ್ಕು ವರ್ಷ ಕಾಯಬೇಕು. ಆಮೇಲೆ ವರ್ಷ ವರ್ಷವೂ ಕೈಗೆ ಕಾಸು ಬರುವುದಲ್ಲದೆ, ಮರವೂ ನಿಂತಿರುತ್ತದೆ. ಫಸಲು ಕೊಡುವ ಬಳ್ಳಿ ಹೊತ್ತ ಮರಕ್ಕೆ ಯಾರೂ ಸುಲಭವಾಗಿ ಕೊಡಲಿ ಹಾಕಲಾರರು.

ಬೆಳೆಗಾರ ಬಂಧುಗಳು ಬರುವ ಮಳೆಗಾಲದಲ್ಲಿ ತಲಾ ಹತ್ತು ಮರಗಳಿಂದ ಪ್ರಾರಂಭಿಸಿ ನೋಡಬೇಕೆಂದು ನನ್ನ ವಿನಂತಿ.